ತಲಕಾಡಿನ ಗಾಳಿ, ಕುಷಾಯಿಗೂಡದ ಮರಳು

ಹೈದರಾಬಾದಿನ ಕುಷಾಯಿಗೂಡದ ಒಂದು ಓಣಿ. ಪಕ್ಕದ ಮನೆಯವರು ಇನ್ನೊಂದು ಮಾಳಿಗೆ ಏರಿಸುತ್ತಿದ್ದಾರೆ. ಮಧ್ಯಾಹ್ನ ಬಂದ ಟ್ರಾಕ್ಟರು ಗೇಟಿನ ಎದುರಿಗೇ ಮರಳು ಸುರಿದು ಹೋಗಿದೆ. ಟಿ. ನರಸೀಪುರದ ಕಡೆಯಿಂದ ನಲವತ್ತು ವರ್ಷದ ಹಿಂದೆ ಕೆಲಸಕ್ಕೆಂದು ಬಂದು ಇಲ್ಲೇ ನೆಲೆನಿಂತ ತಾತ, ಜೈಸಲ್ಮೇರ್ ನೋಡಿಕೊಂಡು ನಿನ್ನೆ ಬಂದಿಳಿದ ಮೊಮ್ಮಗಳು. ಇಬ್ಬರೂ ಮೆಟ್ಟಿಲ ಮೇಲೆ ಕುಳಿತಿದ್ದಾರೆ. ಸಂಜೆಯ ಹೊತ್ತು.

— ತಾತ, ಈ ಫೋಟೊ ನೋಡಿ. ಸಮ್ ಅಂತ ಊರು, ಜೈಸಲ್ಮೇರಿನಿಂದ ಸುಮಾರು 40 ಕಿಲೋಮೀಟರು. ಹೊತ್ತು ಮುಳುಗುತ್ತಿತ್ತು. ದಿಬ್ಬದ ಒಂದು ಮಗ್ಗುಲು ಬೆಳಗುತ್ತಿದೆ, ಇನ್ನೊಂದು ಕಪ್ಪಾಗಿದೆ. ನಡುವಿನ ಗೆರೆ ಕುಡುಗೋಲಿನ ಬಾಯಿ ಇದ್ದ ಹಾಗಿದೆ. ಯಾರು ಮಸೆದರು ಇದನ್ನ?

— ಎದ್ದು ಆ ಗೇಟಿನ ಮುಂದಿನ ರಾಶಿಯ ಹತ್ತಿರ ಹೋಗು. ತುದಿಯ ಮೇಲೆ ಒಂದು ಹಿಡಿ ಮರಳು ಸುರಿ.

— ಸುರಿದೆ. ಜಾರಿ ಕೆಳಗೆ ಹೋಯಿತು.

— ಇನ್ನೊಂದು ಹಿಡಿ.

— ಅದೂ ಜಾರಿತು. ರಾಶಿ ಎತ್ತರ ಆಗ್ತಾನೇ ಇಲ್ಲ ಅನ್ನೋ ಹಾಗಿದೆ.

— ಎತ್ತರ ಆಗುತ್ತೆ, ಓರೆ ಮಾತ್ರ ಬದಲಾಗೋದಿಲ್ಲ. ನಮ್ಮೂರಿನ ಕಣದಲ್ಲಿ ರಾಗಿ ರಾಶಿ ಹಾಕುವಾಗ ನಾನು ಹುಡುಗ. ಮೊರದ ಮೇಲೆ ಮೊರ ಸುರಿದರೂ ರಾಶಿ ಅಗಲವಾಗುತ್ತಿತ್ತು, ಎತ್ತರವಾಗುತ್ತಿತ್ತು, ಓರೆ ಅಷ್ಟಕ್ಕಷ್ಟೇ. ಪ್ರತಿ ಕಾಳಿಗೂ ತಾನು ನಿಲ್ಲಬಹುದಾದ ಒಂದು ಓರೆ ಇದೆ. ಒಣ ಮರಳಿಗೆ ಅದು ಸುಮಾರು 32ರಿಂದ 34 ಡಿಗ್ರಿ. ಅದಕ್ಕಿಂತ ಕಡಿದಾದರೆ ಕಾಳು ಕಾಲು ಊರೋದಿಲ್ಲ. ನಿನ್ನ ಫೋಟೊದಲ್ಲಿ ಕಪ್ಪಾಗಿರೋ ಮಗ್ಗುಲು ಇದೆಯಲ್ಲ, ಅದು ಈ ಓರೆ. ರಾಜಸ್ಥಾನದಲ್ಲೂ ಅಷ್ಟೇ, ಕುಷಾಯಿಗೂಡದಲ್ಲೂ ಹೆಚ್ಚುಕಡಿಮೆ ಅಷ್ಟೇ.

— ಆದರೆ ಈ ರಾಶಿಗೆ ಸುತ್ತಲೂ ಒಂದೇ ಓರೆ. ದಿಬ್ಬಕ್ಕೆ ಹಾಗಿರಲಿಲ್ಲ. ಒಂದು ಕಡೆ ನಾವು ಮಾತಾಡಿಕೊಂಡೇ ಹತ್ತಿಬಿಟ್ಟೆವು. ಇನ್ನೊಂದು ಕಡೆ ಇಳಿಯುವಾಗ ಮೊಣಕಾಲವರೆಗೂ ಹೂತುಹೋಯಿತು.

— ಸರಿಯಾಗಿ ನೋಡಿದ್ದೀಯ. ಈ ರಾಶಿ ಟ್ರಾಕ್ಟರಿನದು, ಆ ದಿಬ್ಬ ಗಾಳಿಯದು. ಗಾಳಿ ಎದುರಾಗೋ ಮೈ ಹತ್ತು ಹದಿನೈದು ಡಿಗ್ರಿ, ಎತ್ತಿನಗಾಡಿ ಏರೋವಷ್ಟು ಇಳುಕಲು. ಅದರ ಮೇಲೆ ಗಾಳಿ ಮರಳನ್ನು ಅಟ್ಟಿಕೊಂಡು ನೆತ್ತಿಗೆ ಬರುತ್ತೆ. ನೆತ್ತಿ ದಾಟಿದ ಮೇಲೆ ಮರೆ. ಮರೆಯಲ್ಲಿ ಗಾಳಿಗೆ ಹಿಡಿತ ಇಲ್ಲ, ಹೊತ್ತಿದ್ದನ್ನು ಅಲ್ಲೇ ಕೈಬಿಡುತ್ತೆ. ಮೇಲೆ ಮೇಲೆ ಬಿದ್ದ ಮರಳು ಕಡಿದಾಗುತ್ತಾ ಹೋಗಿ, ತಡೆಯಲಾರದೆ ಒಂದು ಗಳಿಗೆಯಲ್ಲಿ ಜಾರುತ್ತೆ. ಏರಿಸಿದ ಮೈಯೂ ಜಾರಿದ ಮೈಯೂ ಸೇರೋ ಕಡೆ ನಿನ್ನ ಕುಡುಗೋಲಿನ ಬಾಯಿ.

— ಜಾರೋದನ್ನ ಕಂಡೆ! ನೀರು ಹರಿದ ಹಾಗೆ, ಸದ್ದಿಲ್ಲದೆ. ಅಗಲ ನಾಲ್ಕು ಬೆರಳು ಇರಬಹುದು. ಮೇಲಿಂದ ಶುರುವಾಗಿ ನಾಲಿಗೆಯ ಹಾಗೆ ಉದ್ದಕ್ಕೆ ಇಳಿದು ನಿಂತುಬಿಟ್ಟಿತು. ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಜೊತೆಯವರೆಲ್ಲ ಒಂಟೆ ಕಡೆ ಹೋದರು.

— ನಿಂಗೆ ಸಿಕ್ಕಿದ್ದು ಅವರಿಗೆ ಸಿಗಲಿಲ್ಲ. ದಿಬ್ಬ ನಡೆಯೋದೇ ಹಾಗೆ ಕಣಮ್ಮ. ಹಿಂದಿನ ಮೈಯಿಂದ ಒಂದೊಂದೇ ಕಾಳು ಎದ್ದು, ನೆತ್ತಿ ದಾಟಿ, ಮುಂದಿನ ಮೈಯಲ್ಲಿ ಹೂತುಕೊಳ್ಳುತ್ತೆ. ದಿಬ್ಬವೆಲ್ಲ ಅದರ ಮೇಲೆ ಹಾದುಹೋದ ಮೇಲೆ ಅದೇ ಕಾಳು ಹಿಂಬದಿಯಲ್ಲಿ ಮತ್ತೆ ಬಯಲಿಗೆ ಬರುತ್ತೆ, ಮತ್ತೆ ಏರುತ್ತೆ. ನೀನು ನೋಡಿದ ದಿಬ್ಬ ಮುಂದಿನ ವರ್ಷ ಸ್ವಲ್ಪ ಆಚೆಗೆ ಇರುತ್ತೆ, ಆಕಾರ ಮಾತ್ರ ಅದೇ.

— ಗಾಳಿ ಮರಳನ್ನ ಎತ್ತಿಕೊಂಡು ಹಾರಿಸುತ್ತೆ ಅಂದುಕೊಂಡಿದ್ದೆ. ಆದರೆ ಅಲ್ಲಿ ಗಾಳಿ ಎದ್ದಾಗ ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಕಾಲಿನ ಮೀನಖಂಡಕ್ಕೆ ಮಾತ್ರ ಚುಚ್ಚಿದ ಹಾಗಾಗುತ್ತಿತ್ತು.

— ಮರಳಿಗೂ ಧೂಳಿಗೂ ಇರೋ ವ್ಯತ್ಯಾಸ ಅದು. ಧೂಳು ಎದ್ದರೆ ಮುಗಿಲಿಗೆ ಹೋಗುತ್ತೆ, ಸಾವಿರ ಮೈಲಿ ದಾಟುತ್ತೆ. ಮರಳು ಭಾರ, ಹಾರೋದಿಲ್ಲ, ನೆಗೆಯುತ್ತೆ. ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು ಗಾಳಿ ಬೀಸಿದರೆ ಒಣಗಿದ ಸಣ್ಣ ಮರಳು ಮೇಲೇಳುತ್ತೆ. ಎದ್ದದ್ದು ಗಾಳಿಯ ರಭಸ ಪಡೆದು ಓರೆಯಾಗಿ ಬಂದು ನೆಲಕ್ಕೆ ಬಡಿಯುತ್ತೆ. ಆ ಪೆಟ್ಟಿಗೆ ಇನ್ನು ನಾಲ್ಕು ಕಾಳು ಸಿಡಿಯುತ್ತವೆ. ಅವು ಇನ್ನಷ್ಟನ್ನು ಎಬ್ಬಿಸುತ್ತವೆ. ಹೆಚ್ಚಿನ ಕುಣಿತವೆಲ್ಲ ಮೊಣಕಾಲಿನ ಕೆಳಗೇ. ರಾಲ್ಫ್ ಬ್ಯಾಗ್ನೋಲ್ಡ್ ಅಂತ ಇಂಗ್ಲಿಷ್ ಸೈನ್ಯದ ಒಬ್ಬ ಇಂಜಿನಿಯರ್ ಇದ್ದ. ಲಿಬಿಯಾದ ಮರುಭೂಮಿಯನ್ನು ಫೋರ್ಡ್ ಕಾರುಗಳಲ್ಲಿ ಸುತ್ತಿದವನು. ಊರಿಗೆ ಹೋದ ಮೇಲೆ ಕೊಳವೆಯಂಥ ಪೆಟ್ಟಿಗೆ ಮಾಡಿ, ಅದರಲ್ಲಿ ಗಾಳಿ ಹಾಯಿಸಿ, ಮರಳಿನ ಕಾಳು ಹೇಗೆ ನೆಗೆಯುತ್ತೆ ಅಂತ ಅಳೆದ. 1941ರಲ್ಲಿ ಪುಸ್ತಕ ಬರೆದ. ಇವತ್ತಿಗೂ ಮರಳುದಿಬ್ಬದ ಬಗ್ಗೆ ಓದೋರು ಅಲ್ಲಿಂದಲೇ ಶುರು ಮಾಡುತ್ತಾರೆ.

— ಸಣ್ಣ ಸಣ್ಣ ಅಲೆಗಳಿದ್ದವು ತಾತ, ಮರಳಿನ ಮೇಲೆಲ್ಲ. ಅಮ್ಮ ಸೀರೆ ನೆರಿಗೆ ಹಿಡಿದ ಹಾಗೆ. ನಮ್ಮ ಹೆಜ್ಜೆ ಗುರುತುಗಳೆಲ್ಲ ಗಾಳಿ ಎದ್ದ ಸ್ವಲ್ಪ ಹೊತ್ತಿಗೆ ಮುಚ್ಚಿ ಅಲೆಗಳೇ ಉಳಿದವು.

— ಅವೂ ಅದೇ ನೆಗೆತದ ಕೂಸುಗಳು. ಒಂದು ಕಡೆ ಚೂರು ಉಬ್ಬಿದರೆ, ಓರೆಯಾಗಿ ಬರೋ ಕಾಳುಗಳೆಲ್ಲ ಉಬ್ಬಿನ ಎದೆಗೇ ಬಡಿಯುತ್ತವೆ. ಅದರ ಬೆನ್ನಿಗೆ ಪೆಟ್ಟು ಕಡಿಮೆ. ಎದೆ ಕರಗಿ ಬೆನ್ನು ಬೆಳೆಯುತ್ತೆ, ಸಾಲು ಮುಂದೆ ಸರಿಯುತ್ತೆ. ಸ್ವಲ್ಪ ದಪ್ಪ ಕಾಳುಗಳು ಅಲೆಯ ನೆತ್ತಿಯಲ್ಲಿ ಉಳಿಯುತ್ತವೆ.

— ಕೆಲವು ಕಡೆ ಕಪ್ಪು ಗೆರೆ ಇದ್ದವು. ಯಾರೋ ಇದ್ದಿಲು ತೂರಿದ ಹಾಗೆ.

— ಅವು ತೂಕದ ಖನಿಜಗಳು. ಕಣದಲ್ಲಿ ರಾಗಿ ತೂರುವಾಗ ಗಟ್ಟಿಕಾಳು ಕಾಲಬುಡಕ್ಕೆ ಬೀಳುತ್ತೆ, ಜೊಳ್ಳು ಆಚೆ ಹೋಗುತ್ತೆ. ಗಾಳಿ ಮರಳನ್ನೂ ಹಾಗೇ ತೂರುತ್ತೆ. ಹಗುರದ್ದು ಮುಂದೆ ಹೋಗುತ್ತೆ, ತೂಕದ್ದು ಗೆರೆ ಕಟ್ಟಿ ನಿಲ್ಲುತ್ತೆ. ಈ ಗೆರೆಯ ವಿಷಯ ನೆನಪಿಟ್ಟುಕೋ, ನಮ್ಮ ಕುಷಾಯಿಗೂಡದವರೆಗೂ ಬರುತ್ತೆ ಅದು.

— ಅರ್ಧಚಂದ್ರದ ಹಾಗಿರೋ ದಿಬ್ಬಗಳನ್ನ ಪುಸ್ತಕದಲ್ಲಿ ನೋಡಿದ್ದೆ. ಅಲ್ಲಿ ಹುಡುಕಿದೆ. ಸಿಕ್ಕಿದವು ತಿರುಗುಮುರುಗಾಗಿದ್ದ ಹಾಗೆ ಅನ್ನಿಸಿತು.

— ತಿರುಗುಮುರುಗೇ! ಇದನ್ನು ನೋಡಿದವರು ಕಡಿಮೆ. ಬೋಳು ನೆಲದ ಮೇಲೆ ಒಂದೇ ದಿಕ್ಕಿನ ಗಾಳಿ ಬೀಸಿದರೆ ದಿಬ್ಬದ ಎರಡು ಅಂಚು ಬೇಗ ಓಡುತ್ತವೆ. ಅಲ್ಲಿ ಮರಳು ಕಡಿಮೆ, ಸಾಗಿಸೋದು ಸುಲಭ. ಹೊಟ್ಟೆ ಹಿಂದೆ ಬೀಳುತ್ತೆ. ಹಾಗಾಗಿ ಕೊಂಬುಗಳು ಗಾಳಿ ಹೋಗೋ ಕಡೆ ಚಾಚಿರುತ್ತವೆ. ಬರ್ಖಾನ್ ಅನ್ನುತ್ತಾರೆ. ಚಿಕ್ಕ ದಿಬ್ಬ ದೊಡ್ಡದಕ್ಕಿಂತ ಜೋರಾಗಿ ನಡೆಯೋದೂ ಇದೇ ಕಾರಣಕ್ಕೆ. ಥಾರ್‌ನಲ್ಲಿ ಅಂಥವೂ ಇವೆ. ಆದರೆ ಅಲ್ಲಿ ಹೆಚ್ಚಾಗಿರೋದು ಬೇರೆ ಬಗೆ. ಥಾರ್ ಬೋಳಲ್ಲ. ಹುಲ್ಲಿದೆ, ಪೊದೆ ಇದೆ, ಖೇಜ್ಡಿ ಮರ ಇದೆ, ಜನ ಇದ್ದಾರೆ. ದಿಬ್ಬದ ತಗ್ಗಾದ ಎರಡು ತುದಿಗಳನ್ನ ಬೇರುಗಳು ಹಿಡಿದುಕೊಳ್ಳುತ್ತವೆ, ನಡುಮೈ ಮಾತ್ರ ಗಾಳಿಯ ಜೊತೆ ಮುಂದೆ ಹೋಗುತ್ತೆ. ಆಗ ತೋಳುಗಳು ಹಿಂದಕ್ಕೆ, ಗಾಳಿ ಬಂದ ಕಡೆಗೆ ಚಾಚಿರುತ್ತವೆ. ಆಕಾಶದಿಂದ ನೋಡಿದರೆ ಕೊಂಬು ಯಾವ ಕಡೆ ತಿರುಗಿದೆ ಅನ್ನೋದರಲ್ಲೇ ಅಲ್ಲಿ ಗಿಡ ಬದುಕಿದೆಯೋ ಇಲ್ಲವೋ ಹೇಳಬಹುದು. ಮಂಗಳ ಗ್ರಹದ ಚಿತ್ರಗಳಲ್ಲಿ ಬರ್ಖಾನ್‌ಗಳೇ ಬೇಕಾದಷ್ಟು ಇವೆ.

— ನೀವು ಥಾರ್ ನೋಡಿಲ್ಲ ಅಲ್ವಾ? ಇಷ್ಟೆಲ್ಲ ಹೇಗೆ ಗೊತ್ತು?

— ಓದಿದ್ದು ಆಮೇಲೆ. ಮೊದಲು ತಲಕಾಡು.

— ತಲಕಾಡಾ? ಅಲ್ಲಿ ಕಾವೇರಿ ಇದೆ, ಗದ್ದೆ ಇದೆ, ತೆಂಗಿನ ತೋಟ ಇದೆ. ಮರುಭೂಮಿ ಎಲ್ಲಿಂದ ಬರಬೇಕು?

— ದಿಬ್ಬಕ್ಕೆ ಮರುಭೂಮಿ ಬೇಕಾಗಿಲ್ಲ. ಸಡಿಲವಾದ ಒಣ ಮರಳು ಬೇಕು, ಒಂದೇ ಕಡೆಯಿಂದ ಬೀಸೋ ಗಾಳಿ ಬೇಕು, ಬಂದ ಮರಳನ್ನು ತಡೆದು ನಿಲ್ಲಿಸೋಕೆ ಏನಾದರೂ ಬೇಕು. ಒಂದು ಪೊದೆ, ಒಂದು ಗೋಡೆ. ತಲಕಾಡಿನಲ್ಲಿ ಮೂರೂ ಇದ್ದವು. ನದಿ ಅಲ್ಲಿ ತಟ್ಟನೆ ತಿರುಗುತ್ತೆ. ಬೇಸಿಗೆಯಲ್ಲಿ ಪಾತ್ರದ ಮರಳೆಲ್ಲ ಬಯಲಾಗಿ ಒಣಗುತ್ತೆ. ಮುಂಗಾರಿನಲ್ಲಿ ಮಳೆಗಿಂತ ಗಾಳಿ ಮೊದಲು ಬರುತ್ತೆ, ನೈಋತ್ಯದಿಂದ. ಆ ಗಾಳಿಯ ದಾರಿಯಲ್ಲಿ, ನದಿಯ ಎಡದಂಡೆಯ ಮೇಲೆ, ಊರು. ತಡೆಯೋಕೆ ಪೊದೆ ಯಾಕೆ, ದೇವಸ್ಥಾನಗಳ ಗೋಡೆಗಳೇ ಇದ್ದವಲ್ಲ.

— ಊರೇ ದಿಬ್ಬಕ್ಕೆ ಬುಡವಾಯಿತು ಅನ್ನಿ.

— ಅಂಥಾ ಇಂಥಾ ಊರಲ್ಲ. ಗಂಗರ ರಾಜಧಾನಿ. ಆಮೇಲೆ ಚೋಳರು ಹಿಡಿದು ರಾಜರಾಜಪುರ ಅಂತ ಕರೆದರು. 1116ರ ಹೊತ್ತಿಗೆ ವಿಷ್ಣುವರ್ಧನ ಚೋಳರಿಂದ ಗೆದ್ದುಕೊಂಡ. ತಲಕಾಡುಗೊಂಡ ಅನ್ನೋ ಬಿರುದನ್ನ ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲೇ ಅಚ್ಚು ಹಾಕಿಸಿದ. 1117ರಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ಅಂಥ ಊರನ್ನ ನೆಗೆಯೋ ಕಾಳು ಮುಚ್ಚಿತು. ಮೈಸೂರು ಗೆಜೆಟಿಯರ್‌ನಲ್ಲಿ ಬರೆದಿದ್ದಾರೆ: ಮರಳುಗುಡ್ಡಗಳು ಹೆಚ್ಚುಕಡಿಮೆ ಒಂದು ಮೈಲಿ ಉದ್ದ, ವರ್ಷಕ್ಕೆ 9–10 ಅಡಿ ಊರಿನ ಮೇಲೆ ಬರುತ್ತಿದ್ದವು, ಅದೂ ಹೆಚ್ಚಾಗಿ ಮುಂಗಾರಿನ ಗಾಳಿಯಲ್ಲಿ. ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿಯುತ್ತಾ ಬಂದರು. ಮೂವತ್ತಕ್ಕೂ ಹೆಚ್ಚು ಗುಡಿಗಳು ಅಡಿಯಲ್ಲಿವೆ ಅನ್ನೋ ಮಾತು ಅದರಲ್ಲೇ ಇದೆ.

— ವರ್ಷಕ್ಕೆ ಹತ್ತಡಿ ಅಂದರೆ ನಿಧಾನ ಅಲ್ವಾ?

— ನಿಧಾನವಾದ್ದರಿಂದಲೇ ಹಿಂಸೆ. ಹೊಳೆ ಬಂದರೆ ಒಂದು ರಾತ್ರಿಯಲ್ಲಿ ಮುಗಿಯುತ್ತೆ. ಇದು ಹಾಗಲ್ಲ. ಈ ವರ್ಷ ಹಿತ್ತಿಲಿನ ಬಾಳೆ ಹೋಯಿತು. ಬರೋ ವರ್ಷ ಬಚ್ಚಲುಮನೆ. ಅದರ ಮುಂದಿನ ವರ್ಷ ಅಡುಗೆಮನೆಯ ಕಿಟಕಿ. ಬೆಳಿಗ್ಗೆ ಎದ್ದು ಎತ್ತಿ ಹಾಕಿದಷ್ಟೂ ಸಂಜೆಗೆ ಬಂದು ಬಿದ್ದಿರುತ್ತೆ. ಅಂಥ ಮನೆಯಲ್ಲಿ ಮಗಳ ಮದುವೆ ಮಾಡಬೇಕು, ಬಾಣಂತನ ಮಾಡಬೇಕು. ಫೋಟೊದಲ್ಲಿ ಇದು ಕಾಣೋದಿಲ್ಲ.

— ಅಲಮೇಲಮ್ಮನ ಶಾಪ ಅಂತ ಅಜ್ಜಿ ಹೇಳುತ್ತಿದ್ದರು. ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಮಕ್ಕಳಿಲ್ಲ.

— ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನ ಹೆಂಡತಿ ಆಕೆ. 1610ರಲ್ಲಿ ಪಟ್ಟಣ ರಾಜ ಒಡೆಯರ ಕೈಸೇರಿತು. ಒಡವೆಗಾಗಿ ಬೆನ್ನಟ್ಟಿದರು, ಆಕೆ ಶಾಪ ಹಾಕಿ ಕಾವೇರಿಗೆ ಹಾರಿದಳು ಅನ್ನುತ್ತೆ ಕಥೆ.

— ನೀವು ನಂಬ್ತೀರಾ? ಗಾಳಿ, ನದಿ ಅಂತ ಇಷ್ಟು ಹೊತ್ತು ಹೇಳಿದಿರಿ.

— ಕೆ.ಎನ್. ಗಣೇಶಯ್ಯ ಅಂತ ಇದ್ದಾರೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ವಿಜ್ಞಾನಿ, ಕಾದಂಬರಿಗಳನ್ನೂ ಬರೆದವರು. ಈ ಶಾಪದ ಬಗ್ಗೆ ಅವರು ಹುಡುಕಾಡಿ ಬರೆದಿದ್ದಾರೆ. ಅವರು ಕೈ ತೋರಿಸೋದು ನದಿಯ ಮೇಲ್ಗಡೆ ವಿಜಯನಗರದ ಕಾಲದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟಿನ ಕಡೆಗೆ. ಅದು 14ನೆಯ ಶತಮಾನದ್ದು. ಕಟ್ಟೆ ಆದ ಮೇಲೆ ಕೆಳಗಿನ ಪಾತ್ರದಲ್ಲಿ ನೀರು ಕಡಿಮೆಯಾಗಿ ಮರಳು ಬಯಲಾಯಿತು, ಗಾಳಿಗೆ ಸಿಕ್ಕಿತು ಅಂತ. ಹಾಗಾದರೆ ಮರಳು ಶಾಪಕ್ಕಿಂತ ಮುಂಚಿನದು.

— ಅಂದರೆ ಶಾಪ ಸುಳ್ಳು.

— ಅಷ್ಟು ಬೇಗ ಹೇಳಬೇಡ. ಆ ಶಾಪದಲ್ಲಿ ಮರಳನ್ನೂ ಮಡುವನ್ನೂ ಜೋಡಿ ಮಾಡಿದ್ದಾರೆ ನೋಡು. ತಿರುಗೋ ನದಿ ಮಾಡೋದು ಅದನ್ನೇ. ಒಂದು ದಡವನ್ನ ಕೊರೆದು ಆಳ ಮಾಡುತ್ತೆ, ಇನ್ನೊಂದು ಮಗ್ಗುಲಿಗೆ ಮರಳು ತಂದು ಹಾಕುತ್ತೆ. ಮಾಲಂಗಿ ಇರೋದು ತಲಕಾಡಿನ ಎದುರು ದಡದಲ್ಲಿ. ಅಲ್ಲಿನ ಜನ ಎರಡನ್ನೂ ಕಣ್ಣಿಂದ ಕಂಡಿದ್ದರು, ಎರಡಕ್ಕೂ ನಂಟಿದೆ ಅಂತ ಅರಿತಿದ್ದರು. ಕಾರಣ ಹೇಳೋಕೆ ಅವರಿಗೆ ಸಿಕ್ಕಿದ್ದು ಅನ್ಯಾಯಕ್ಕೊಳಗಾದ ಒಬ್ಬ ಹೆಣ್ಣುಮಗಳ ಮಾತು. ನಿಮ್ಮ ಅಜ್ಜಿ ಆ ಕಥೆ ಹೇಳುವಾಗ ಧ್ವನಿ ತಗ್ಗಿಸುತ್ತಿದ್ದಳು. ಅವಳಿಗೆ ಅದು ಮರಳಿನ ಕಥೆಯೇ ಅಲ್ಲ, ಆ ಹೆಣ್ಣಿನ ಕಥೆ. ಅದನ್ನ ಕಿತ್ತುಕೊಳ್ಳೋ ಹಕ್ಕು ನನಗಿಲ್ಲ.

— ನೀವು ಮೊದಲ ಸಲ ಹೋದಾಗ ಹೇಗಿತ್ತು?

— ಹತ್ತು ವರ್ಷ ಇರಬೇಕು ನನಗೆ. ಅಪ್ಪನ ಜೊತೆ. ಬಿಸಿಲಿಗೆ ಕಾದ ಮರಳು, ಬರಿಗಾಲು. ಮರದಿಂದ ಮರದ ನೆರಳಿಗೆ ಓಡಿಕೊಂಡು ಏರಿದೆವು. ಮೇಲೆ ಹೋದರೆ ಗುಡಿ ಕಾಣಲಿಲ್ಲ. ಎಲ್ಲಿ ಅಂದೆ. ಅಪ್ಪ ಕೆಳಗೆ ಕೈ ತೋರಿಸಿದರು. ಗುಂಡಿಯ ಒಳಗೆ ದೇವಸ್ಥಾನ! ಮೆಟ್ಟಿಲು ಇಳಿದು ಪಾತಾಳೇಶ್ವರನ ಹತ್ತಿರ ಹೋಗಬೇಕು. ಸುತ್ತ ಮರಳಿನ ಗೋಡೆ, ಒಳಗೆ ತಂಪು. ಗೋಡೆಗೆ ಬೆರಳು ಚುಚ್ಚಿದೆ. ಒಂದು ಗೇಣು ಒಳಗೆ ಮರಳು ತೇವವಾಗಿತ್ತು. ಮೇಲೆ ಕಾಲು ಸುಡುತ್ತೆ, ಒಳಗೆ ನೀರು ಹಿಡಿದುಕೊಂಡಿದೆ. ದಿಬ್ಬಗಳು ಹಾಗೇ. ಬಿದ್ದ ಮಳೆ ಒಳಗೆ ಇಳಿದುಬಿಡುತ್ತೆ, ಮೇಲಿನ ಒಣಪದರ ಚಾದರದ ಹಾಗೆ ಮುಚ್ಚಿ ಕಾಯುತ್ತೆ. ರಾಜಸ್ಥಾನದ ದಿಬ್ಬಗಳಲ್ಲಿ ಗಿಡ ಬದುಕೋದು ಆ ತೇವದಿಂದ.

— ಪಂಚಲಿಂಗ ದರ್ಶನಕ್ಕೆ ಹೋಗಿದ್ದೀರಾ?

— 2013ರಲ್ಲಿ ಹೋಗಿದ್ದೆ. 2020ರಲ್ಲಿ ಕೊರೊನಾ ಕಾಲ, ಮನೆಯಲ್ಲೇ ಟೀವಿಯಲ್ಲಿ ನೋಡಿದೆ. ಕಾರ್ತಿಕ ಸೋಮವಾರ ಯೋಗ ಕೂಡಿಬಂದ ವರ್ಷ ಮಾತ್ರ ನಡೆಯುತ್ತೆ. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ, ಮುಡುಕುತೊರೆ ಮಲ್ಲಿಕಾರ್ಜುನ, ಐದೂ ಒಂದೇ ದಿನ. ಮರಳೇಶ್ವರ ಅನ್ನೋ ಹೆಸರು ನೋಡು. ಊರನ್ನ ನುಂಗಿದ ಮರಳಿಗೆ ಬೈಯಲಿಲ್ಲ ಜನ, ಅದರ ಹೆಸರಿನಲ್ಲೇ ಶಿವನನ್ನು ಕರೆದರು.

— ಎಲ್ಲ ಮರಳನ್ನೂ ತೆಗೆದುಬಿಡಬೇಕು ತಾತ. ಒಳಗೆ ಒಂದು ರಾಜಧಾನಿ ಇದೆ ಅಂದರೆ ಸುಮ್ಮನೆ ಹೇಗೆ ಬಿಡೋದು?

— 1992–93ರಲ್ಲಿ ಅಗೆದು ನೋಡಿದ್ದಾರೆ. ಕೀರ್ತಿನಾರಾಯಣನನ್ನು ಮರಳಿನಿಂದ ಈಚೆ ತಂದಿದ್ದಾರೆ. ಆದರೆ ಎಲ್ಲವನ್ನೂ ಬಯಲಿಗೆ ಎಳೆಯೋದು ನನಗೆ ಇಷ್ಟ ಇಲ್ಲ. ಮರಳೊಳಗೆ ಇದ್ದದ್ದಕ್ಕೆ ಬಿಸಿಲು ಬೀಳಲಿಲ್ಲ, ಕಲ್ಲನ್ನ ಕಿತ್ತುಕೊಂಡು ಹೋಗಿ ಯಾರೂ ಮನೆಗೆ ಹಾಕಿಕೊಳ್ಳಲಿಲ್ಲ. ಮುಚ್ಚಿದ್ದೂ ಅದೇ, ಕಾದದ್ದೂ ಅದೇ.

— ಈಗ ದಿಬ್ಬ ನಡೆಯುತ್ತಾ?

— ಇಲ್ಲ. ನೀಲಗಿರಿ, ಗಾಳಿಮರ ನೆಟ್ಟರು. ಬೇರು ಹಿಡಿಯಿತು, ತರಗು ಬಿದ್ದು ಮೈ ಮುಚ್ಚಿತು. ಗಾಳಿಗೆ ಕಾಳು ಸಿಗೋದಿಲ್ಲ. ಹೊಸ ಮರಳು ಬರೋದೂ ಅಷ್ಟಕ್ಕಷ್ಟೇ. ಮೇಲೆ ಕಾವೇರಿಗೆ ಕೃಷ್ಣರಾಜಸಾಗರ, ಕಪಿಲೆಗೆ ಕಬಿನಿಯ ಅಣೆಕಟ್ಟು.

— ಹಾಗಾದರೆ ಸತ್ತುಹೋಯಿತು. ಇಷ್ಟು ಹೊತ್ತು ನೀವು ಹೇಳಿದ ಕುಡುಗೋಲಿನ ಬಾಯಿ, ನಾಲಿಗೆಯ ಹಾಗೆ ಇಳಿಯೋ ಮರಳು, ನೆರಿಗೆ, ಏನೂ ಇಲ್ಲ ಅಲ್ಲಿ. ಗಿಡ ನೆಟ್ಟ ಗುಡ್ಡ ಅಷ್ಟೇ. ನನಗೆ ಬೇಜಾರಾಗುತ್ತೆ.

— ಆಗಲಿ, ತಪ್ಪಿಲ್ಲ. ಅದು ನಡೆಯುತ್ತಿದ್ದಾಗ ಅದರ ಬುಡದಲ್ಲಿ ಮನೆ ಇದ್ದವರು ನಿದ್ದೆ ಮಾಡಲಿಲ್ಲ. ಅದನ್ನೂ ಎದೆಯಲ್ಲಿಟ್ಟುಕೊಂಡು ಬೇಜಾರಾಗು. ಥಾರ್‌ನಲ್ಲೂ ಹಾಗೇ. ಜೋಧಪುರದಲ್ಲಿ ಒಣಪ್ರದೇಶ ಸಂಶೋಧನಾ ಸಂಸ್ಥೆ ಇದೆ, 1959ರಿಂದ. ಗಾಳಿಗೆ ಅಡ್ಡಲಾಗಿ ಒಣಪೊದೆಗಳ ಸಾಲುಬೇಲಿ ನೆಟ್ಟು, ನಡುವೆ ಹುಲ್ಲು, ಗಿಡ ಹಾಕಿ ದಿಬ್ಬ ಕಟ್ಟಿಹಾಕೋದನ್ನ ಊರಿನವರಿಗೆ ಕಲಿಸಿದರು. ಹೊಲ, ಬಾವಿ, ರಸ್ತೆ ಉಳಿಯಬೇಕಲ್ಲ. ಎಲ್ಲ ದಿಬ್ಬವನ್ನೂ ಕಟ್ಟಬೇಕು ಅಂತ ನಾನು ಹೇಳೋದಿಲ್ಲ. ಜನ ಇಲ್ಲದ ಕಡೆ ಅದು ನಡೆಯಲಿ. ಅದರ ಮೈಮೇಲೆ ಜೀಪು ಓಡಿಸೋದನ್ನ ನಿಲ್ಲಿಸಿದರೆ ಸಾಕು.

— ಕಪ್ಪು ಗೆರೆ ಕುಷಾಯಿಗೂಡಕ್ಕೆ ಬರುತ್ತೆ ಅಂದಿರಿ.

— ಮರೆತಿದ್ದೆ. ಒಡಿಶಾದ ಗಂಜಾಂ ಜಿಲ್ಲೆ, ಛತ್ರಪುರ. ಬಂಗಾಳಕೊಲ್ಲಿಯ ದಡದಲ್ಲಿ ಮರಳುದಿಬ್ಬಗಳು. ಅಲೆ, ಗಾಳಿ ಸೇರಿ ತೂರಿ ತೂರಿ ತೂಕದ ಖನಿಜಗಳನ್ನ ಅಲ್ಲಿ ಕೂಡಿಹಾಕಿವೆ. ಅದರಲ್ಲಿ ಒಂದು ಜಿರ್ಕಾನ್. ಕೇಂದ್ರ ಸರ್ಕಾರದ ಕಂಪನಿ ಅದನ್ನ ಬೇರ್ಪಡಿಸುತ್ತೆ. ಜಿರ್ಕಾನ್ ಮರಳಿನಿಂದ ಜಿರ್ಕೋನಿಯಂ ಲೋಹ ತೆಗೆದು, ಕೊಳವೆ ಮಾಡಿ, ಅದರೊಳಗೆ ಯುರೇನಿಯಂ ಬಿಲ್ಲೆ ತುಂಬಿ ಅಣುಸ್ಥಾವರಗಳಿಗೆ ಕಳಿಸೋ ಕಾರ್ಖಾನೆ ಎಲ್ಲಿದೆ ಗೊತ್ತಾ?

— ಎನ್‌ಎಫ್‌ಸಿ!

— ಅದೇ, ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್, 1971ರಿಂದ ಇಲ್ಲೇ ಪಕ್ಕದಲ್ಲಿ. ಕೈಗಾದಲ್ಲಿ ಕರೆಂಟು ಹುಟ್ಟೋದಕ್ಕೂ ಸಮುದ್ರದಂಡೆಯ ಗಾಳಿ ತೂರಿದ ಮರಳಿಗೂ ನಡುವೆ ನಮ್ಮ ಈ ಬಡಾವಣೆ ಇದೆ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಇದನ್ನ ಕೇಳಿದ ದಿನ, ಪರಊರು ಅನ್ನೋ ಭಾವನೆ ಸ್ವಲ್ಪ ಕಡಿಮೆಯಾಯಿತು. ಮರಳಿನ ತವರೂ ಇದೇ ಜಾತಿಯ ನೆಲ. ಮೌಲಾಲಿ ಗುಡ್ಡದ ಬಂಡೆ ನೋಡು, 250 ಕೋಟಿ ವರ್ಷ ಹಳೆಯ ಗ್ರಾನೈಟು. ಬಿಸಿಲು ಮಳೆಗೆ ಸಡಿಲವಾಗಿ ಸಿಪ್ಪೆ ಬಿಡುತ್ತೆ. ಒಳಗಿನ ಮೆತ್ತನೆಯ ಖನಿಜ ಜೇಡಿಯಾಗುತ್ತೆ, ಬೆಣಚು ಮಾತ್ರ ಸವೆಯದೆ ಉಳಿಯುತ್ತೆ. ಅದೇ ಮರಳು. ಕಾವೇರಿಯ ಮರಳೂ ಇಂಥ ಹಳೇ ಬಂಡೆಗಳ ಮಗುವೇ.

— ಈ ಗೇಟಿನ ಮುಂದಿನದೂ?

— ಇದನ್ನ ಬಂಡೆಯೇ ಹಡೆದದ್ದು, ಆದರೆ ಯಂತ್ರದ ಬಾಯಲ್ಲಿ. ರೋಬೋ ಸ್ಯಾಂಡ್ ಅನ್ನುತ್ತಾರಲ್ಲ. ಬೆರಳಲ್ಲಿ ಉಜ್ಜು, ಚುಚ್ಚುತ್ತೆ. ಪ್ರತಿ ಕಾಳಿಗೂ ಮೂಲೆ ಇದೆ. ಹೊಳೆ ಮರಳು ಇಷ್ಟು ಚುಚ್ಚೋದಿಲ್ಲ. ಗಾಳಿ ಮರಳು ಅದಕ್ಕಿಂತ ನಯ. ಲಕ್ಷಾಂತರ ಸಲ ಬಡಿದಾಡಿ ಮೂಲೆಗಳೆಲ್ಲ ಸವೆದು ಗುಂಡಗಾಗಿರುತ್ತೆ. ಮನೆ ಕಟ್ಟೋಕೆ ಅದನ್ನ ಮೇಸ್ತ್ರಿಗಳು ಒಪ್ಪೋದಿಲ್ಲ.

— ಇರಿ, ಬಂದೆ.

— ಎಲ್ಲಿಗೆ?

— ನನ್ನ ಶೂ ತರೋಕೆ. ಸಮ್‌ನಿಂದ ಬಂದ ಮೇಲೆ ಇನ್ನೂ ಕೊಡವಿಲ್ಲ... ಇಗೋ. ಪೇಪರ್ ಹಿಡಿಯಿರಿ.

— ಎಷ್ಟೊಂದು ತಂದಿದ್ದೀಯಲ್ಲೇ! ಬೂದಿಯಷ್ಟು ನಯ. ನಿಧಾನ, ಒಂದೇ ಕಡೆ ಸುರಿ.

— ರಾಶಿಯಾಯಿತು. ನಿಮ್ಮ ರಾಗಿ ರಾಶಿಯ ಹಾಗೆ, ಸುತ್ತಲೂ ಒಂದೇ ಓರೆ.

— ಈಗ ಬಗ್ಗಿ, ಪಕ್ಕದಿಂದ ಮೆಲ್ಲಗೆ ಊದು. ಜೋರಾಗಿ ಅಲ್ಲ. ಊದುತ್ತಾ ಇರು... ನೋಡು, ಈ ಕಡೆ ಇಳುಕಲಾಗುತ್ತಿದೆ.